ಎರಡು ಲಕ್ಷದೊಳಗೆ ಯಾವ ಹಳೆಯ ವ್ಯಾನ್ ಕೊಳ್ಳಬಹುದು?

ಬೆಂಗಳೂರಿನ ಹನುಮಂತನಗರದಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಹಾಕುವ ನಮ್ಮ ಕಾಂಡಿಮೆಂಟ್ಸ್ ವ್ಯವಹಾರಕ್ಕೆ ನಾವು ಈವರೆಗೆ ಹೊಸ ವಾಹನವನ್ನು ಕೊಂಡಿಲ್ಲ. ಓಡಿದ್ದೆಲ್ಲ ಬೇರೆಯವರು ಬಳಸಿ ಮಾರಿದ ವ್ಯಾನುಗಳೇ. ಇದು ಗೊತ್ತಿರುವುದರಿಂದ ದೋಸೆ ಹಿಟ್ಟು ಮಾರುವವರು, ಹೂವಿನ ಅಲಂಕಾರದವರು, ಹೊಸದಾಗಿ ಬೇಕರಿ ತೆರೆದವರು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಸಾರ್, ಎರಡು ಲಕ್ಷದೊಳಗೆ ಒಂದು ಹಳೇ ಗಾಡಿ ನೋಡ್ತಿದ್ದೀನಿ. ಓಮ್ನಿ ತಗೊಳ್ಳಲಾ, ಈಕೋ ತಗೊಳ್ಳಲಾ, ಇಲ್ಲಾ ಛೋಟಾ ಹಾಥಿನಾ?" (ಮೊದಲೆರಡು ಮಾರುತಿ ವ್ಯಾನುಗಳು, ಛೋಟಾ ಹಾಥಿ ಎಂದರೆ ಟಾಟಾ ಏಸ್ ಎಂಬ ಪುಟ್ಟ ಸರಕು ಗಾಡಿ.)

ನನ್ನ ಉತ್ತರ ಕೇಳಿದವರಿಗೆ ಮೊದಲು ಸ್ವಲ್ಪ ನಿರಾಶೆಯಾಗುತ್ತದೆ. ಯಾವ ವ್ಯಾನ್ ಎಂಬುದು ಕೊನೆಯ ಪ್ರಶ್ನೆ. ಮೊದಲು ನೋಡಬೇಕಾದದ್ದು ಕಾಗದಪತ್ರ, ಎರಡನೆಯದು ತುಕ್ಕು, ಮೂರನೆಯದು ಎಂಜಿನ್. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ; ಕೀ ತಿರುಗಿಸಿ, ಸದ್ದು ಕೇಳಿ, ಒಂದು ಸುತ್ತು ಓಡಿಸಿ, "ಎಂಜಿನ್ ಚೆನ್ನಾಗಿದೆ" ಎಂದು ಅಲ್ಲೇ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಈ ವರ್ಗದ ವಾಹನಗಳ ಎಂಜಿನ್ನನ್ನು ಬಿಚ್ಚಿ ಕಟ್ಟುವ ಮೆಕ್ಯಾನಿಕ್ಕುಗಳು ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಇದ್ದಾರೆ, ಬಿಡಿಭಾಗಗಳು ಜೆ.ಸಿ. ರಸ್ತೆಯಲ್ಲಿ ಹೊಸದಾಗಿಯೂ ಶಿವಾಜಿನಗರದ ಗುಜರಿಯಲ್ಲಿ ಹಳೆಯದಾಗಿಯೂ ಸಿಗುತ್ತವೆ. ಆದರೆ ಕೆಟ್ಟ ಕಾಗದಪತ್ರವನ್ನೂ ತಳ ತಿಂದುಹೋದ ಬಾಡಿಯನ್ನೂ ಯಾವ ಗ್ಯಾರೇಜೂ ಸರಿಮಾಡಿಕೊಡುವುದಿಲ್ಲ.

ಕಾಗದಪತ್ರದಲ್ಲಿ ಮೊದಲ ವಿಷಯ ನಂಬರ್ ಪ್ಲೇಟಿನ ಬಣ್ಣ. ಬಿಳಿ ಬೋರ್ಡಿನ ಐದು ಸೀಟಿನ ಈಕೋ ತೆಗೆದುಕೊಂಡು ಹಿಂದಿನ ಸೀಟು ಬಿಚ್ಚಿಹಾಕಿದರೆ ಸರಕು ಸಾಗಿಸಲು ಸಾಕು ಎಂದು ಸಲಹೆ ಕೊಡುವವರು ಎಲ್ಲೆಡೆ ಇದ್ದಾರೆ, ಅಂಥ ವ್ಯಾನುಗಳು ರಸ್ತೆಯಲ್ಲಿ ಓಡಾಡುತ್ತಲೂ ಇವೆ. ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಅದು ಖಾಸಗಿ ಕಾರು. ಅದರ ವಿಮೆಯೂ ಖಾಸಗಿ ಕಾರಿನದು. ವ್ಯಾಪಾರದ ಸರಕು ತುಂಬಿಕೊಂಡು ಹೋಗುವಾಗ ಯಾರಿಗಾದರೂ ಡಿಕ್ಕಿಯಾದರೆ, ಪಾಲಿಸಿಯ ಷರತ್ತು ಮುರಿದಿದ್ದೀರಿ ಎಂದು ವಿಮಾ ಕಂಪನಿ ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ದಿನವೂ ಸರಕು ಹಾಕುವ ವ್ಯವಹಾರವಿದ್ದರೆ, ಗೂಡ್ಸ್ ವಾಹನವೆಂದೇ ನೋಂದಣಿಯಾದ ಹಳದಿ ಬೋರ್ಡಿನ ಗಾಡಿಯನ್ನೇ ಹುಡುಕಿ ಎಂಬುದು ನನ್ನ ಮಾತು.

ಹಳದಿ ಬೋರ್ಡ್ ಎಂದ ಕೂಡಲೇ ಪರ್ಮಿಟ್, ಬ್ಯಾಡ್ಜ್ (ಸಾರಿಗೆ ವಾಹನ ಓಡಿಸುವವರಿಗೆ ಕೊಡುವ ಬಿಲ್ಲೆ) ಎಂದು ಹೆದರುವವರಿದ್ದಾರೆ. ಒಟ್ಟು ತೂಕ, ಅಂದರೆ ವಾಹನದ್ದೂ ಸರಕಿನದೂ ಸೇರಿ, 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನ ಪ್ರಕಾರ ಪರ್ಮಿಟ್ ಬೇಕಿಲ್ಲ. ನಾವು ಮಾತನಾಡುತ್ತಿರುವ ಚಿಕ್ಕ ವ್ಯಾನುಗಳೆಲ್ಲ ಈ ಮಿತಿಯೊಳಗೇ ಬರುತ್ತವೆ. ಚಾಲನಾ ಪರವಾನಗಿಯ ಗೊಂದಲವೂ ಈಗ ತೀರಿದೆ. ಲಘು ಮೋಟಾರು ವಾಹನದ ಪರವಾನಗಿ ಇದ್ದವರು 7,500 ಕೆ.ಜಿ.ವರೆಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಮನೆಯ ಹುಡುಗನೇ ಕಾರಿನ ಲೈಸೆನ್ಸಿನಲ್ಲಿ ಹಳದಿ ಬೋರ್ಡಿನ ಏಸನ್ನು ಓಡಿಸಬಹುದು.

ಹಳದಿ ಬೋರ್ಡಿಗೆ ನಿಜವಾಗಿ ಬೇಕಾದದ್ದು ಎಫ್‌ಸಿ, ಅಂದರೆ ಗಾಡಿ ರಸ್ತೆಯಲ್ಲಿ ಓಡಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎರಡು ಲಕ್ಷಕ್ಕೆ ಸಿಗುವ ವ್ಯಾನು ಸಾಮಾನ್ಯವಾಗಿ ಎಂಟು ದಾಟಿದ್ದೇ ಆಗಿರುವುದರಿಂದ, ವರ್ಷಕ್ಕೊಮ್ಮೆ ಬಾಡಿ, ಲೈಟು, ಬ್ರೇಕು ಎಲ್ಲವನ್ನೂ ಸಜ್ಜುಗೊಳಿಸಿ ಆರ್‌ಟಿಒ ಮುಂದೆ ನಿಲ್ಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಲೇಬೇಕು. "ಎಫ್‌ಸಿ ಮುಗಿದಿದೆ ಅಷ್ಟೇ, ಮಾಡಿಸಿಕೊಂಡರೆ ಆಯಿತು" ಎನ್ನುವ ಮಾರಾಟಗಾರನ ಮುಂದೆ ಒಂದು ಗುಣಾಕಾರ ಮಾಡಿ. ತಡವಾದ ಪ್ರತಿ ದಿನಕ್ಕೆ 50 ರೂಪಾಯಿಯಂತೆ ಹೆಚ್ಚುವರಿ ಶುಲ್ಕವಿದೆ. ಶೆಡ್ಡಿನಲ್ಲಿ ಒಂದು ವರ್ಷ ನಿಂತ ಗಾಡಿಗೆ ಅದೊಂದೇ 18,250 ರೂಪಾಯಿ. ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳದೆ ಮುಂದಿನ ಮಾತೇ ಬೇಡ. ಇನ್ನು ಬಿಳಿ ಬೋರ್ಡಿನದೇ ಸಾಕು ಎನ್ನುವಂಥ ಕೆಲಸವಿರುವವರಿಗೆ 15 ವರ್ಷದ ಗಡಿ ಮುಖ್ಯ. ಆಗ ನೋಂದಣಿ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದ ಲಘು ವಾಹನಗಳಿಗೆ 2025ರ ಆಗಸ್ಟಿನಲ್ಲಿ 10,000ಕ್ಕೇರಿತು. ಹಸಿರು ತೆರಿಗೆ ಬೇರೆ. ಆರ್‌ಸಿಯಲ್ಲಿ ಇನ್ನು ಎಂಟು ತಿಂಗಳು ಉಳಿದಿರುವ ವ್ಯಾನನ್ನು ಮೂರು ವರ್ಷ ಉಳಿದಿರುವ ವ್ಯಾನಿನ ಬೆಲೆಗೆ ಕೊಳ್ಳುವುದು ಯಾವ ವ್ಯಾಪಾರಿಯೂ ಮಾಡುವ ಕೆಲಸವಲ್ಲ.

ಮಾರುವವನ ಹೆಸರೂ ಆರ್‌ಸಿಯಲ್ಲಿರುವ ಹೆಸರೂ ಒಂದೇ ಆಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಹಿಂದೆ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡು ಗಾಡಿ ಬ್ರೋಕರಿನಿಂದ ಬ್ರೋಕರಿಗೆ ಕೈ ಬದಲಾಯಿಸುತ್ತಿತ್ತು. ಈಗ ವರ್ಗಾವಣೆಯ ಅರ್ಜಿಗೆ ಆರ್‌ಸಿ ಮಾಲೀಕರ ಮೊಬೈಲಿಗೆ ಒಟಿಪಿ ಬರುತ್ತದೆ. ಆ ಮಾಲೀಕರು ಊರು ಬಿಟ್ಟಿದ್ದರೆ, ತೀರಿಕೊಂಡಿದ್ದರೆ, ಅಥವಾ ಸುಮ್ಮನೆ ಫೋನ್ ಎತ್ತದಿದ್ದರೆ, ನಿಮ್ಮ ಕೈಯಲ್ಲಿ ಗಾಡಿ ಇದ್ದರೂ ಅದು ನಿಮ್ಮದಲ್ಲ. ಆದ್ದರಿಂದ ಪೂರ್ತಿ ಹಣ ಕೊಡುವ ಮೊದಲು ಆರ್‌ಸಿ ಮಾಲೀಕರನ್ನು ಮುಖತಃ ನೋಡಿಯೇ ತೀರಬೇಕು. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿದ್ದರೆ, ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಕಂಪನಿಯ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದನ್ನು ತೆಗೆಸುವ, ಸಹಿ ಮಾಡಿದ ಫಾರಂ 35 ಎರಡೂ ಬೇಕು. ಸಂಚಾರಿ ಪೊಲೀಸರ ಜಾಲತಾಣದಲ್ಲಿ ಗಾಡಿಯ ನಂಬರು ಹಾಕಿ ಬಾಕಿ ದಂಡವನ್ನೂ ನೋಡಿಕೊಳ್ಳಿ. 2023ರ ಫೆಬ್ರುವರಿಯಲ್ಲಿ ಅರ್ಧ ರಿಯಾಯಿತಿ ಸಿಕ್ಕ ಮೇಲೆ, ಇನ್ನೊಂದು ರಿಯಾಯಿತಿ ಬರಲಿ ಎಂದು ದಂಡ ಕಟ್ಟದೆ ಕಾಯುವ ಅಭ್ಯಾಸ ನಮ್ಮ ಊರಿನಲ್ಲಿ ಚೆನ್ನಾಗಿಯೇ ಬೆಳೆದಿದೆ, ಅಂಥವರ ಗಾಡಿಯೇ ನಿಮಗೆ ಸಿಗಬಹುದು. 2019ರ ಏಪ್ರಿಲ್‌ಗೆ ಮುಂಚೆ ನೋಂದಣಿಯಾದ ವಾಹನಕ್ಕೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಫಲಕ ಹಾಕಿಸಿದ್ದಾರೆಯೇ ಎಂಬುದನ್ನೂ ಕಣ್ಣಾರೆ ನೋಡಿ.

ಇಷ್ಟು ಸರಿಯಿದ್ದರೆ ಮಾತ್ರ ಗಾಡಿಯ ಹತ್ತಿರ ಹೋಗುವುದು. ಹಗಲು ಬೆಳಕಿನಲ್ಲಿ ಹೋಗಬೇಕು. ಕೈಯಲ್ಲಿ ಒಂದು ಚಿಕ್ಕ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಇರಲಿ. ಓಮ್ನಿ ಮತ್ತು ಈಕೋಗಳಲ್ಲಿ ತುಕ್ಕು ಕೂರುವ ಜಾಗಗಳು ಗೊತ್ತಿರುವಂಥವೇ: ಜಾರುವ ಬಾಗಿಲಿನ ಕೆಳಗಿನ ಹಳಿ, ಅದರ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಬ್ಯಾಟರಿಯ ಕೆಳಗು, ಹಿಂದಿನ ಬಾಗಿಲಿನ ಅಂಚು. ಜಾರುವ ಬಾಗಿಲನ್ನು ಪೂರ್ತಿ ತೆರೆದು ಹಳಿಯೊಳಗೆ ಬೆರಳು ಹಾಕಿದರೆ ಒದ್ದೆ ಮಣ್ಣಿನ ಜೊತೆಗೆ ಕಂದು ಚಕ್ಕೆಗಳು ಬರುತ್ತವೆಯೇ ನೋಡಿ. ಬಂದರೆ ಕೆಳಗೆ ಮಲಗಿ ಆ ಜಾಗಕ್ಕೆ ತಳದಿಂದ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ತಿಂದುಹೋದ ತಗಡು ಒಳಗೆ ಕುಸಿಯುತ್ತದೆ. ಮಾರುವವನು ಆಗ ಮುಖ ಸಿಂಡರಿಸಿದರೂ ಪರವಾಗಿಲ್ಲ. ಹೊಳೆಯುವ ಹೊಸ ಪೇಂಟಿನ ಮೇಲೆ ಅಯಸ್ಕಾಂತ ನಿಲ್ಲದಿದ್ದರೆ ಅಲ್ಲಿರುವುದು ಪುಟ್ಟಿ, ಕಬ್ಬಿಣವಲ್ಲ.

ಗಾಡಿಯ ಚಾವಣಿಯನ್ನು ನೋಡುವವರು ಕಡಿಮೆ. ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ ಎಷ್ಟೋ ಓಮ್ನಿಗಳ ಮೇಲೆ ಬ್ಯಾಗು ಇಡಲು ಕ್ಯಾರಿಯರ್ ಇರುತ್ತಿತ್ತು. ಮಾರುವಾಗ ಅದನ್ನು ಬಿಚ್ಚಿ, ಸ್ಕ್ರೂ ತೂತುಗಳಿಗೆ ಸೀಲಂಟ್ ಮೆತ್ತಿರುತ್ತಾರೆ. ಒಳಗಿನಿಂದ ಚಾವಣಿಯ ಬಟ್ಟೆಯಲ್ಲಿ ಚಹಾ ಬಣ್ಣದ ಕಲೆಯಿದ್ದರೆ ಮಳೆಗಾಲದಲ್ಲಿ ನಿಮ್ಮ ಸರಕು ನೆನೆಯುತ್ತದೆ ಎಂದೇ ಅರ್ಥ. ನಮ್ಮಂತೆ ಕರಿದ ತಿಂಡಿ ಸಾಗಿಸುವವರಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ನೋಂದಣಿ ಸಂಖ್ಯೆಯ ಮೊದಲ ಭಾಗವೂ ಒಂದು ಸುಳಿವು ಕೊಡುತ್ತದೆ. ಕೆಎ-01ರಿಂದ 05 ಬೆಂಗಳೂರಿನದು. ಕೆಎ-19 ಮಂಗಳೂರು, 20 ಉಡುಪಿ, 30 ಕಾರವಾರ. ಉಪ್ಪುಗಾಳಿಯಲ್ಲಿ ಹತ್ತು ವರ್ಷ ನಿಂತ ವ್ಯಾನಿನ ತಳ ಬೆಂಗಳೂರಿನ ಅದೇ ವಯಸ್ಸಿನ ವ್ಯಾನಿನ ತಳದಂತೆ ಇರುವುದಿಲ್ಲ. ಹಾಗೆಂದು ಬೆಂಗಳೂರಿನದೆಲ್ಲ ಒಣಗಿದ್ದೆಂದೂ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ವಾಹನಗಳು ನೀರಿನಲ್ಲಿ ಮುಳುಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ನೀರು ನುಗ್ಗಿದ ಗಾಡಿಯಲ್ಲಿ ಒಳಭಾಗವನ್ನು ಎಷ್ಟು ತೊಳೆದಿದ್ದರೂ ಬೆಲ್ಟಿನ ಆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ.

ದೆಹಲಿಯ ಗಾಡಿಗಳು ಅಗ್ಗವೆಂದು ಆಸೆ ಹುಟ್ಟಿಸುವವರಿದ್ದಾರೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧದಿಂದ ಅಲ್ಲಿ ಬೆಲೆ ಬಿದ್ದಿರುವುದು ನಿಜ. ಎನ್‌ಒಸಿ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಹೊಸ ನಂಬರು ಪಡೆಯುವಷ್ಟರಲ್ಲಿ ಉಳಿದದ್ದೇನೂ ಇರುವುದಿಲ್ಲ. ಹಳೆಯ ಚಿಕ್ಕ ವ್ಯಾನಿಗಂತೂ ಅದು ಬೇಡವೇ ಬೇಡ.

ಎಂಜಿನ್ ವಿಷಯಕ್ಕೆ ಬಂದರೆ, ಗಾಡಿ ಪೂರ್ತಿ ತಣ್ಣಗಿರುವಾಗ ನೋಡಬೇಕು. "ನೀವು ಬರುತ್ತೀರೆಂದು ಸ್ಟಾರ್ಟ್ ಮಾಡಿಟ್ಟಿದ್ದೆ" ಎಂದರೆ ಇನ್ನೊಂದು ದಿನ ಹೇಳದೆ ಹೋಗಿ. ಓಮ್ನಿ, ಈಕೋಗಳಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಸೀಟು ಎತ್ತಿ, ಆಯಿಲ್ ತುಂಬುವ ಮುಚ್ಚಳ ತೆಗೆದು ಒಳಬದಿ ನೋಡಿದಾಗ ಹಾಲು ಕಾಫಿಯಂಥ ನೊರೆ ಮೆತ್ತಿದ್ದರೆ ನೀರು ಆಯಿಲಿಗೆ ಸೇರುತ್ತಿದೆ. ಎಂಜಿನ್ ಓಡುವಾಗ ಅದೇ ಬಾಯಿಂದ ಹೊಗೆ ಪಟಪಟನೆ ಹೊರಬರುತ್ತಿದ್ದರೆ ಪಿಸ್ಟನ್ನಿನ ರಿಂಗು, ಸಿಲಿಂಡರಿನ ಬೋರು ಸವೆದಿದೆ. ರೇಡಿಯೇಟರಿನಲ್ಲಿ ಕೂಲಂಟ್ ಬದಲು ತುಕ್ಕು ಬಣ್ಣದ ಬರೀ ನೀರಿದ್ದರೆ ಹಿಂದಿನ ಮಾಲೀಕ ಗಾಡಿಯನ್ನು ಹೇಗೆ ಇಟ್ಟುಕೊಂಡಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅರ್ಧ ಗಂಟೆ ನಿಂತಲ್ಲೇ ಓಡಲು ಬಿಟ್ಟು ಫ್ಯಾನ್ ತಾನಾಗಿ ಶುರುವಾಗುತ್ತದೆಯೇ ನೋಡಿ, ಏಕೆಂದರೆ ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ಗಾಡಿ ಮಾಡಬೇಕಾದದ್ದು ಅದನ್ನೇ. ಕ್ಲಚ್ಚಿಗೆ ನನ್ನ ಪರೀಕ್ಷೆ ನಮ್ಮ ರಾಮಾಂಜನೇಯ ಗುಡ್ಡದ ಸುತ್ತಲಿನ ಏರು. ಸರಕಿನಷ್ಟು ಜನರನ್ನು ಕೂರಿಸಿಕೊಂಡು ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದರೆ ನಿಜ ಹೊರಗೆ ಬರುತ್ತದೆ. ಕಿಲೋಮೀಟರ್ ಮೀಟರನ್ನು ನಾನು ನೋಡುವುದೇ ಇಲ್ಲ. ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿರುವ ಗಾಡಿಯ ಮೀಟರು ನಲವತ್ತು ಸಾವಿರ ತೋರಿಸಿದರೆ ನಗು ಬರುತ್ತದೆ ಅಷ್ಟೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರುಗಳು ಆಳವಾಗಿದ್ದರೂ ಅಷ್ಟು ಹಳೆಯ ರಬ್ಬರಿಗೆ ಬೆಲೆ ಕಟ್ಟಬೇಡಿ.

ಈಗ ಮಾಡೆಲ್. ಓಮ್ನಿ 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು 2019ರಲ್ಲಿ ನಿಂತಿತು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನು, ಯಾರಾದರೂ ರಿಪೇರಿ ಮಾಡಬಲ್ಲಷ್ಟು ಸರಳ. ಹೂವು, ಬಟ್ಟೆ, ಬ್ರೆಡ್ಡು, ಅಂದರೆ ಹಗುರವಾದ ಸರಕಿಗೆ, ಗಾಂಧಿ ಬಜಾರಿನಂಥ ಇಕ್ಕಟ್ಟಿಗೆ ಸರಿ. ಆದರೆ ಮುಂದೆ ಡಿಕ್ಕಿಯಾದರೆ ಚಾಲಕನ ಮೊಣಕಾಲಿಗೂ ಎದುರಿನ ವಾಹನಕ್ಕೂ ನಡುವೆ ತಗಡು ಬಿಟ್ಟರೆ ಬೇರೇನಿಲ್ಲ; ಮೈಸೂರು ರಸ್ತೆ, ತುಮಕೂರು ರಸ್ತೆಯ ಹೆದ್ದಾರಿಯಲ್ಲಿ ದಿನವೂ ಓಡಬೇಕಾದವರಿಗೆ ನಾನು ಅದನ್ನು ಹೇಳುವುದಿಲ್ಲ. 2010ರಲ್ಲಿ ಬಂದ ಈಕೋದ 1.2 ಲೀಟರಿನ ಎಂಜಿನ್ ಭಾರಕ್ಕೆ ಜಗ್ಗುವುದಿಲ್ಲ, ಮುಚ್ಚಿದ ಬಾಡಿಯಿದೆ, ಬಿಡಿಭಾಗಕ್ಕೆ ಕೊರತೆಯಿಲ್ಲ. ಸಿಎನ್‌ಜಿ ಈಕೋ ಆದರೆ ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ (ಒತ್ತಡ ತಡೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಆಗಿರಬೇಕು, ಅದರ ಫಲಕದಲ್ಲಿರುವ ದಿನಾಂಕವನ್ನು ಓದಿ. ಹೊರಗೆ ಕೂರಿಸಿದ ಗ್ಯಾಸ್ ಕಿಟ್ ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ಆ ಗಾಡಿಯನ್ನು ಅಲ್ಲಿಗೇ ಬಿಟ್ಟುಬಿಡಿ.

ಛೋಟಾ ಹಾಥಿ, ಅಂದರೆ 2005ರ ಟಾಟಾ ಏಸ್, ಭಾರದ ಸರಕಿಗೆ: ಅಕ್ಕಿ ಮೂಟೆ, ನೀರಿನ ಕ್ಯಾನು, ಟೈಲ್ಸು. ಎರಡು ಸಿಲಿಂಡರಿನ 702 ಸಿಸಿ ಡೀಸೆಲ್, 750 ಕೆ.ಜಿ. ಹೊರುವ ಸಾಮರ್ಥ್ಯ. ಬಿಎಸ್-4 ಎಂಬ ಹೊಗೆ ನಿಯಮಕ್ಕೆ ಮುಂಚಿನವು ಬಹಳ ಸರಳ, ಆದರೆ ಈಗ ವಯಸ್ಸಾಗಿವೆ. ಅದರ ನಡುಕ, ಸದ್ದಿಗೆ ಸಿದ್ಧರಿರಬೇಕು. ತೆರೆದ ಬಾಡಿಯಾದ್ದರಿಂದ ಆಹಾರ ಪದಾರ್ಥದವರು ಮೇಲೆ ಮುಚ್ಚಿದ ಬಾಕ್ಸ್ ಕಟ್ಟಿಸಿರುವುದನ್ನೇ ಹುಡುಕಲಿ. ಇನ್ನು ಕಾಮನ್ ರೈಲ್, ಅಂದರೆ ಹೆಚ್ಚಿನ ಒತ್ತಡದಲ್ಲಿ ಇಂಜೆಕ್ಟರಿನಿಂದ ಡೀಸೆಲ್ ಚಿಮ್ಮಿಸುವ ಎಂಜಿನ್ನಿನ, ತಯಾರಿಕೆ ನಿಂತುಹೋದ ಚಿಕ್ಕ ವಾಹನಗಳು ಅಗ್ಗವಾಗಿ ಸಿಗುತ್ತವೆ. ಇಂಜೆಕ್ಟರ್ ಕೆಟ್ಟ ದಿನ ಅಗ್ಗವಾದದ್ದೇಕೆ ಎಂದು ತಿಳಿಯುತ್ತದೆ.

ನನ್ನನ್ನೇ ಒಂದು ಹೆಸರು ಹೇಳಿ ಎಂದು ಪಟ್ಟು ಹಿಡಿದರೆ, ಹಳದಿ ಬೋರ್ಡಿನ, ಎಫ್‌ಸಿ ಇನ್ನೂ ಆರು ತಿಂಗಳಾದರೂ ಉಳಿದಿರುವ, ಬೆಂಗಳೂರಿನ ನಂಬರಿನ ಪೆಟ್ರೋಲ್ ಈಕೋ ಕಾರ್ಗೋ ಎನ್ನುತ್ತೇನೆ. ಬೆಲೆ ಮಾತಾಡುವಾಗ ಕೈಯಲ್ಲಿರುವ ಎರಡು ಲಕ್ಷವನ್ನೂ ಗಾಡಿಗೇ ಸುರಿಯಬೇಡಿ. ವರ್ಗಾವಣೆ, ವಿಮೆ, ಟೈರು, ಬ್ಯಾಟರಿ, ಎಲ್ಲ ಆಯಿಲು, ಬೆಲ್ಟು, ಹೋಸುಗಳಿಗೆಂದು ನಲವತ್ತು ಸಾವಿರವನ್ನಾದರೂ ತೆಗೆದಿಟ್ಟು ಉಳಿದದ್ದರಲ್ಲಿ ಹುಡುಕಿ. ಗಾಡಿ ತರುವ ದಿನ ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಸಿ ಇಬ್ಬರೂ ಸಹಿ ಹಾಕಿ, ಮಾಲೀಕತ್ವದ ವರ್ಗಾವಣೆಯನ್ನು 30 ದಿನದೊಳಗೆ, ವಿಮೆಯ ಹೆಸರು ಬದಲಾವಣೆಯನ್ನು 14 ದಿನದೊಳಗೆ ಮುಗಿಸಿ. ವಾರಕ್ಕೆ ಎರಡು ಮೂರು ಸಲ ಮಾತ್ರ ಸರಕು ಹೋಗುವಷ್ಟಿದ್ದರೆ ಇದಾವುದೂ ಬೇಡ, ಸದ್ಯಕ್ಕೆ ಬಾಡಿಗೆ ಗೂಡ್ಸ್ ಆಟೋವೇ ಸಾಕು.