ಡೆಬಿಯನ್ ಪ್ಯಾಕೇಜ್ ಕೆಲಸ: ಟ್ರಿಕ್ಸಿ ಆದ ಮೇಲೆ ಎಲ್ಲಿಗೆ ಬಂತು

ಹೋದ ಸಲ ಬರೆದಾಗ ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್‌ನ 13ನೇ ಆವೃತ್ತಿ, ಟ್ರಿಕ್ಸಿ, ಇನ್ನೂ ಫ್ರೀಜ್‌ನಲ್ಲಿತ್ತು, ಏನನ್ನೂ ಮುಟ್ಟುವ ಹಾಗಿರಲಿಲ್ಲ. 2025ರ ಆಗಸ್ಟ್ 9ಕ್ಕೆ ಟ್ರಿಕ್ಸಿ ಹೊರಬಂತು. ಅಲ್ಲಿಯವರೆಗೆ ತಡೆದಿಟ್ಟಿದ್ದ ಕೆಲಸವೆಲ್ಲ ಒಟ್ಟಿಗೆ ತಲೆ ಮೇಲೆ ಬಿತ್ತು. ನನ್ನದೇನು ದೊಡ್ಡ ಸಂಸಾರವಲ್ಲ. ಒಂದು ಕನ್ನಡ ಫಾಂಟ್, ಜಿಪಿಎಸ್ ಲಾಗ್ ಫೈಲ್ ಓದುವ ಒಂದು ಪುಟ್ಟ ಸಿ ಪ್ರೋಗ್ರಾಂ, ಇನ್ನೂ ಒಳಗೆ ಸೇರದೆ ನಿಂತಿರುವ ಇನ್ನೊಂದು ಫಾಂಟ್. ಅಷ್ಟೇ.

ಹೊಸಬರಿಗೆ ಎರಡು ಮಾತು. ಈ ಪ್ರೋಗ್ರಾಂಗಳನ್ನು ನಾನು ಬರೆದಿಲ್ಲ. ಬರೆದವರು ಬೇರೆ, ಅವರನ್ನು ಅಪ್‌ಸ್ಟ್ರೀಮ್ ಅಂತೀವಿ. ಅವರ ಕೋಡ್ ಜೊತೆಗೆ ಡೆಬಿಯನ್ ಅಂತ ಒಂದು ಫೋಲ್ಡರ್ ಇಟ್ಟು, ಅದರಲ್ಲಿ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಫೈಲ್‌ಗಳನ್ನು ಬರೆದು, ನೀವು ಆಪ್ಟ್ ಇನ್‌ಸ್ಟಾಲ್ ಎಂದು ಹೊಡೆದರೆ ಸುಮ್ನೆ ಬಂದು ಕೂರುವ ಹಾಗೆ ಮಾಡುವುದು ಮೇಂಟೇನರ್ ಕೆಲಸ. ಉಬುಂಟು, ಮಿಂಟ್, ರಾಸ್ಪ್‌ಬೆರಿ ಪೈ ಓಎಸ್‌ಗೆಲ್ಲ ಹೋಗುವುದೂ ಹೆಚ್ಚಾಗಿ ಇಲ್ಲಿಂದಲೇ.

"ಹಳೇ ಪ್ರೋಗ್ರಾಂ, ಚೆನ್ನಾಗೇ ಓಡ್ತಿದೆ, ಮತ್ತೇನು ಮಾಡೋದಿರುತ್ತೆ ಅದರಲ್ಲಿ?" ಅಂತ ಆಫೀಸಿನಲ್ಲಿ ಕೇಳುತ್ತಾರೆ. ಪ್ರೋಗ್ರಾಂ ಹಾಗೇ ಇರುತ್ತೆ ಸ್ವಾಮಿ, ಅದರ ಸುತ್ತ ಇರುವುದೆಲ್ಲ ಬದಲಾಗುತ್ತೆ. ಈ ಸಲದ ಲಾಗ್ ಪೂರ್ತಿ ಅದೇ.

ಮೊದಲು ಜಿಪಿಎಸ್ ಪ್ರೋಗ್ರಾಂ. ಸಿಡ್‌ನಲ್ಲಿ, ಅಂದರೆ ಹೊಸ ಪ್ಯಾಕೇಜ್‌ಗಳು ಮೊದಲು ಬಂದು ಸೇರುವ ಡೆಬಿಯನ್ ಕವಲಿನಲ್ಲಿ, ಕೋಡ್ ಅನ್ನು ಓಡುವ ಪ್ರೋಗ್ರಾಂ ಮಾಡುವ ಕಂಪೈಲರ್ ಜಿಸಿಸಿ 15ಕ್ಕೆ ಹೋಯಿತು. ಕೋಡ್‌ನಲ್ಲಿ ಒಂದಕ್ಷರ ಬದಲಾಗದೆ ಬಿಲ್ಡ್ ಬಿತ್ತು. ನನಗೊಬ್ಬನಿಗೇ ಅಲ್ಲ, ಪೂರ್ತಿ ಆರ್ಕೈವ್ ಅನ್ನು ಹೊಸ ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿ ನೋಡಿ, ಬಿದ್ದದ್ದಕ್ಕೆಲ್ಲ ಮುಂಚೆಯೇ ಬಗ್ ಹಾಕಿದ್ದರು. ಸಿ ಭಾಷೆಯ ಯಾವ ಆವೃತ್ತಿ ಅಂತ ನಾವು ಏನೂ ಹೇಳದಿದ್ದರೆ ಜಿಸಿಸಿ 15 ಅದನ್ನು ಸಿ23 ಎಂದುಕೊಳ್ಳುತ್ತದೆ, ಹಿಂದಿನವು ಸಿ17 ಎಂದುಕೊಳ್ಳುತ್ತಿದ್ದವು. ಸಿ23ರಲ್ಲಿ ಬೂಲ್ (ಹೌದು ಅಥವಾ ಇಲ್ಲ ಅಂತ ಮಾತ್ರ ಇಡುವ ಟೈಪ್) ಎನ್ನುವುದು ಭಾಷೆಯದೇ ಪದ. ನಮ್ಮ ಹೆಡರ್ ಫೈಲ್‌ನಲ್ಲೋ, ಬೂಲ್ ಅಂದರೆ ಅನ್‌ಸೈನ್ಡ್ ಕ್ಯಾರ್ (ಒಂದು ಬೈಟ್‌ನ ಸಂಖ್ಯೆ) ಎಂದು ಹೆಸರಿಡುವ ಒಂದು ಸಾಲು, ಟೈಪ್‌ಡೆಫ್, ಎಷ್ಟೋ ವರ್ಷದಿಂದ ಕೂತಿದೆ. ಕಂಪೈಲರ್ ಒಪ್ಪಲಿಲ್ಲ. ಇನ್ನೊಂದು, ಖಾಲಿ ಆವರಣ ಹಾಕಿ ಡಿಕ್ಲೇರ್ ಮಾಡಿದ ಫಂಕ್ಷನ್‌ಗೆ ಮೊದಲು ಏನು ಬೇಕಾದರೂ ಕೊಡಬಹುದಿತ್ತು, ಈಗ ಏನೂ ಕೊಡುವ ಹಾಗಿಲ್ಲ. ಇಲ್ಲಿ ಎರಡು ಆರ್ಗ್ಯುಮೆಂಟ್ ಕೊಟ್ಟಿದ್ದಾರೆ.

ಸುಲಭದ ದಾರಿ ಇದೆ. ರೂಲ್ಸ್ ಫೈಲ್‌ನಲ್ಲಿ ಒಂದೇ ಸಾಲು ಬರೆದು, ಹಳೇ ಸಿ17ರಲ್ಲೇ ಬಿಲ್ಡ್ ಮಾಡಪ್ಪಾ ಅಂದರೆ ಮುಗಿಯಿತು. ತುಂಬಾ ಜನ ಹಾಗೇ ಮಾಡಿದ್ದಾರೆ, ದೊಡ್ಡ ಪ್ರೋಗ್ರಾಂಗಳಿಗೆ ಬೇರೆ ದಾರಿಯೂ ಇರುವುದಿಲ್ಲ. ಆದರೆ ಇದು ಪುಟ್ಟದು, ಸರಿಯಾಗೇ ಮಾಡೋಣ ಅನ್ನಿಸಿತು. ಟೈಪ್‌ಡೆಫ್ ಅಳಿಸಿ ಸ್ಟ್ಯಾಂಡರ್ಡ್ ಬೂಲ್ ಹಾಕಿಬಿಟ್ಟರೆ ಸಾಕು ಅಂತ ಯಾರಿಗಾದರೂ ಮೊದಲು ಹೊಳೆಯುವುದು. ಗ್ರೆಪ್ ಮಾಡಿ, ಅಂದರೆ ಕೋಡ್ ಪೂರ್ತಿ ಹುಡುಕಿ ನೋಡಿದರೆ ಈ ಪ್ರೋಗ್ರಾಂನ ಬೂಲ್‌ಗೆ ಮೂರು ಬೆಲೆಗಳಿವೆ! 0 ಅಂದರೆ ಸಿಗ್ನಲ್ ಇಲ್ಲ, 1 ಅಂದರೆ ಇದೆ, 2 ಅಂದರೆ ಗೊತ್ತಿಲ್ಲ. ನಿಜವಾದ ಬೂಲ್‌ನೊಳಗೆ 2 ಹಾಕಿದರೆ ಅದು 1 ಆಗುತ್ತದೆ. ಕಂಪೈಲರ್ ತುಟಿ ಪಿಟಕ್ ಅನ್ನುವುದಿಲ್ಲ, ಬಿಲ್ಡ್ ಹಸಿರು ತೋರಿಸುತ್ತದೆ, ಗೊತ್ತಿಲ್ಲದ ಜಾಗವೆಲ್ಲ ಮ್ಯಾಪ್ ಮೇಲೆ ಸರಿಯಾದ ಜಾಗ ಅಂತ ಬಂದು ಕೂರುತ್ತದೆ. ಹಾಗಾಗಿ ಆ ಟೈಪ್‌ಗೆ ಬೇರೆ ಹೆಸರು ಕೊಟ್ಟೆ, ಫಂಕ್ಷನ್‌ಗಳಿಗೆ ಸರಿಯಾದ ಪ್ರೋಟೋಟೈಪ್ ಬರೆದೆ, ಪ್ಯಾಚ್ ಅನ್ನು ಅಪ್‌ಸ್ಟ್ರೀಮ್‌ಗೂ ಕಳಿಸಿದೆ.

ಕಳಿಸುವುದು ಬರೀ ಮರ್ಯಾದೆಗಲ್ಲ. ಡೆಬಿಯನ್‌ನವರಿಗೆ 2008 ಅಂದರೆ ಸಾಕು. ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರೈಂಡ್ ಎಚ್ಚರಿಕೆ ಕೊಡುತ್ತಿದೆ ಅಂತ 2006ರಲ್ಲಿ, ಗೂಢಲಿಪಿ ಕೀಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಪ್ಯಾಚ್ ಹಾಕಿ ಸಾಲು ತೆಗೆದಿದ್ದರು. ಅದರಿಂದ ರ‍್ಯಾಂಡಮ್ ಸಂಖ್ಯೆಗೆ ಉಳಿದದ್ದು ಪ್ರೋಸೆಸ್ ಐಡಿ ಒಂದೇ, ಅಂದರೆ ಹೆಚ್ಚೆಂದರೆ 32,768 ಸಾಧ್ಯತೆಗಳು. 2008ರಲ್ಲಿ ಬಯಲಾಗುವವರೆಗೆ, ಎರಡು ವರ್ಷ, ಹಾಗೆ ಸುಲಭವಾಗಿ ಊಹಿಸಬಹುದಾದ ಕೀಗಳು ಪ್ರಪಂಚದ ತುಂಬ ಓಡಾಡಿದವು. ಡೆಬಿಯನ್‌ನಲ್ಲಿ ಮಾತ್ರ ಉಳಿಯುವ ಪ್ಯಾಚ್ ಕಂಡರೆ ನನಗೆ ಅದಕ್ಕೇ ಭಯ.

ನಮ್ಮ ಅಪ್‌ಸ್ಟ್ರೀಮ್ ಪುಣ್ಯಾತ್ಮರು ಪ್ಯಾಚ್ ತೆಗೆದುಕೊಂಡರು, ಹೊಸ ಆವೃತ್ತಿಯನ್ನೇ ಬಿಟ್ಟರು, ಜೊತೆಗೆ ಮೊದಲ ಸಲ ಟೆಸ್ಟ್‌ಗಳನ್ನೂ ಸೇರಿಸಿದರು. ಖುಷಿಯಾಯಿತು. ನನ್ನ ಕೆಲಸ ನೋಡಿ ನನ್ನ ಪರವಾಗಿ ಕಳಿಸುವ ಡೆಬಿಯನ್ ಡೆವಲಪರ್, ಅಂದರೆ ಸ್ಪಾನ್ಸರ್, ಅಪ್‌ಲೋಡ್ ಮಾಡಿದರು, ಬೇರೆ ಬೇರೆ ಬಗೆಯ ಪ್ರೊಸೆಸರ್‌ಗಳಿಗೆ ಬಿಲ್ಡ್ ಆಗುವುದನ್ನು ತೋರಿಸುವ ಪುಟ ನೋಡುತ್ತಾ ಕೂತೆ. ಎಎಂಡಿ64 ಪಾಸ್. ಆರ್ಮ್64 ಪಾಸ್. ಟ್ರಿಕ್ಸಿಯಲ್ಲಿ ಹೊಸದಾಗಿ ಸೇರಿದ ರಿಸ್ಕ್‌-ವಿ ಕೂಡ ಪಾಸ್. ಎಸ್390ಎಕ್ಸ್ ಫೇಲ್.

ಎಸ್390ಎಕ್ಸ್ ಅಂದರೆ ಐಬಿಎಂನ ಮೇನ್‌ಫ್ರೇಮ್. ಬ್ಯಾಂಕುಗಳಲ್ಲಿ ಇರುವಂಥದ್ದು. ಅದರಲ್ಲಿ ಕೂತು ಟ್ರೆಕ್ಕಿಂಗ್ ಹೋದ ದಾರಿ ಯಾರು ನೋಡುತ್ತಾರೋ ದೇವರೇ ಬಲ್ಲ. ಆದರೆ ಮೊದಲು ಬಿಲ್ಡ್ ಆಗುತ್ತಿದ್ದದ್ದು ಈಗ ಆಗದಿದ್ದರೆ, ಮುಂದಿನ ಬಿಡುಗಡೆ ತಯಾರಾಗುವ ಕವಲಾದ ಟೆಸ್ಟಿಂಗ್‌ಗೆ ಹೋಗಲು ಬಿಡುವುದಿಲ್ಲ, ನಿಯಮ ಎಲ್ಲರಿಗೂ ಒಂದೇ. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಎಸ್390ಎಕ್ಸ್ ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಬೈಟ್ ಮೊದಲು. ಉಳಿದವೆಲ್ಲ ತದ್ವಿರುದ್ಧ. ಪ್ರೋಗ್ರಾಂ ಫೈಲ್‌ನಿಂದ ನಾಲ್ಕು ಬೈಟ್ ಎತ್ತಿ ನೇರ ಸಂಖ್ಯೆ ಅಂತ ಓದುತ್ತಿತ್ತು. 1 ಇದ್ದದ್ದು ಅಲ್ಲಿ 16777216 ಆಗಿತ್ತು. ಟೆಸ್ಟ್ ಇಲ್ಲದ ಕಾಲದಲ್ಲಿ ಬಿಲ್ಡ್ ಆಗುತ್ತಿತ್ತು ಅಷ್ಟೇ, ಸರಿಯಾಗಿ ಓಡುತ್ತಿತ್ತು ಅಂತಲ್ಲ. ಆ ಮೆಷಿನ್‌ಗೆ ಪ್ಯಾಕೇಜೇ ಬೇಡ ಅಂತ ತೆಗೆಸಬಹುದಿತ್ತು. ಅದಕ್ಕಿಂತ ಲಿಟಲ್ ಎಂಡಿಯನ್‌ನಿಂದ ಬದಲಿಸುವ ಫಂಕ್ಷನ್ ಕರೆಯುವುದೇ ಸಲೀಸು. ಓದುವ ಜಾಗದಲ್ಲೆಲ್ಲ ಅದನ್ನು ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಬೇರೆ ಮೆಷಿನ್‌ನ ಹಾಗೆ ನಟಿಸುವ ಕ್ಯೂಎಂಯು ಒಳಗೆ ಎಸ್390ಎಕ್ಸ್ ಎಬ್ಬಿಸಿ ಬಿಲ್ಡ್ ಮಾಡಿದೆ. ನಿಧಾನ ಅಂದರೆ ನಿಧಾನ, ಊಟ ಮಾಡಿ ಬಂದರೂ ಬಿಲ್ಡ್‌ನ ಮೊದಲ ಹಂತ ಕಾನ್ಫಿಗರ್ ಇನ್ನೂ ಓಡುತ್ತಿತ್ತು. ಟೆಸ್ಟ್ ಪಾಸ್ ಆಯಿತು.

ಇನ್ನು ಫಾಂಟ್. ಇದಕ್ಕೆ ಆಟೋಪಿಕೆಜಿಟೆಸ್ಟ್, ಅಂದರೆ ಪ್ಯಾಕೇಜ್ ಅನ್ನು ತಾನಾಗಿ ಪರೀಕ್ಷಿಸುವ ಟೆಸ್ಟ್, ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ಫಾಂಟ್‌ನಲ್ಲಿ ಟೆಸ್ಟ್ ಮಾಡೋದೇನು ಅಂತೀರಾ? ಕನ್ನಡದಲ್ಲಿ ಬೇಕಾದಷ್ಟಿದೆ. ಸೂರ್ಯ ಅಂತ ಬರೆದಾಗ ಅರ್ಕಾವತ್ತು ಬರಬೇಕು. ರ‍್ಯಾಲಿ ಅಂತ ಬರೆಯುವಾಗ ಅರ್ಕಾವತ್ತು ಬರಬಾರದು, ಪೂರ್ತಿ ರ ಇದ್ದು ಅದಕ್ಕೆ ಯ ಒತ್ತು ಬರಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ಜಾಯಿನರ್ ಒತ್ತುತ್ತೇವೆ. ಯುನಿಕೋಡ್ ಪ್ರಕಾರ ಅದು ರ ಆದಮೇಲೆ, ಒತ್ತು ಜೋಡಿಸುವ ಹಲಂತ ಚಿಹ್ನೆಗೆ ಮುಂಚೆ ಬರಬೇಕು. ಹಳೇ ಫೈಲ್‌ಗಳಲ್ಲಿ ಹಲಂತ ಆದಮೇಲೆ ಇಟ್ಟಿರುವುದೂ ಉಂಟು. ಅಕ್ಷರ ಜೋಡಿಸುವ ಹಾರ್ಫ್‌ಬಝ್ ಲೈಬ್ರರಿಯಲ್ಲಿ ಕನ್ನಡಕ್ಕೆಂದೇ ಒಂದು ಪುಟ್ಟ ವಿನಾಯಿತಿ ಇದೆ: ಜಾಯಿನರ್ ಎರಡರಲ್ಲಿ ಎಲ್ಲೇ ಇದ್ದರೂ ಒಂದೇ ಎಂದು ಅದು ನೋಡುತ್ತದೆ. ಈ ಸಾಲು ಬರೆದವರಿಗೆ ಒಂದು ಫಿಲ್ಟರ್ ಕಾಫಿ ಬಾಕಿ.

ಹಾರ್ಫ್‌ಬಝ್ ಜೊತೆ ಬರುವ ಎಚ್‌ಬಿ-ಶೇಪ್ ಕಮಾಂಡ್‌ಗೆ ಫಾಂಟ್ ಮತ್ತು ಪದ ಕೊಟ್ಟರೆ ಯಾವ ಯಾವ ಗ್ಲಿಫ್ (ಫಾಂಟ್‌ನೊಳಗಿನ ಅಕ್ಷರದ ಚಿತ್ರ) ಯಾವ ಕ್ರಮದಲ್ಲಿ ಬಂತು ಎಂದು ಹೇಳುತ್ತದೆ. ಮೊದಲು ಗ್ಲಿಫ್ ಹೆಸರುಗಳನ್ನೇ ಟೆಸ್ಟ್‌ನಲ್ಲಿ ಇಟ್ಟಿದ್ದೆ. ಫಾಂಟ್‌ನ ಹೊಸ ಆವೃತ್ತಿಯಲ್ಲಿ ಹೆಸರುಗಳೇ ಬದಲಾದವು, ಅಕ್ಷರ ಸರಿಯಾಗೇ ಮೂಡುತ್ತಿದ್ದರೂ ಟೆಸ್ಟ್ ಬಿತ್ತು. ಈಗಿನದು ಹೆಸರು ನೋಡುವುದಿಲ್ಲ. ಎರಡು ರೀತಿಯ ಜಾಯಿನರ್‌ಗೂ ಒಂದೇ ಫಲಿತಾಂಶ ಬರಬೇಕು, ಜಾಯಿನರ್ ಇಲ್ಲದಿದ್ದರೆ ಬೇರೆ ಬರಬೇಕು, ಎಲ್ಲೂ ಖಾಲಿ ಡಬ್ಬಿ ಬರಬಾರದು. ಇದರ ಇನ್ನೊಂದು ಲಾಭ ಏನಪ್ಪಾ ಅಂದರೆ, ನಾಳೆ ಹಾರ್ಫ್‌ಬಝ್‌ನ ಹೊಸ ಆವೃತ್ತಿ ಬಂದಾಗಲೂ ನಮ್ಮ ಟೆಸ್ಟ್ ತಾನಾಗಿ ಓಡುತ್ತದೆ, ಕೆಟ್ಟರೆ ಅದು ಟೆಸ್ಟಿಂಗ್‌ಗೆ ಹೋಗುವ ಮೊದಲೇ ಗೊತ್ತಾಗುತ್ತದೆ.

ಜೊತೆಗೆ, ಅಪ್‌ಸ್ಟ್ರೀಮ್‌ನಲ್ಲಿ ಹೊಸ ಆವೃತ್ತಿ ಬಂತಾ ಅಂತ ಹುಡುಕುವ ವಾಚ್ ಫೈಲ್ ಬದಲಿಸಿದೆ. ಮೊದಲು ಅಪ್‌ಸ್ಟ್ರೀಮ್ ಕಟ್ಟಿಕೊಟ್ಟ ಕೋಡ್‌ನ ಗಂಟು, ಟಾರ್‌ಬಾಲ್, ಎಳೆಯುತ್ತಿತ್ತು, ಈಗ ಎಲ್ಲರೂ ಕೋಡ್ ಬದಲಾವಣೆ ನೋಡಬಹುದಾದ ಗಿಟ್‌ನಿಂದ, ಆವೃತ್ತಿಗೆ ಹಾಕಿದ ಟ್ಯಾಗ್ ಹಿಡಿದು ನೇರ ಎಳೆಯುತ್ತದೆ. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಪ್ರೋಗ್ರಾಂನಲ್ಲಿ ಯಾರೋ ಸೇರಿಸಿದ್ದ ಹಿಂಬಾಗಿಲು ಸಿಕ್ಕ ಗಲಾಟೆ ನೆನಪಿದೆ ಅಲ್ವಾ? ಹಿಂಬಾಗಿಲನ್ನು ಚಾಲೂ ಮಾಡುವ ಸಾಲುಗಳು ಗಿಟ್‌ನಲ್ಲಿರಲಿಲ್ಲ, ಟಾರ್‌ಬಾಲ್‌ನಲ್ಲಿ ಮಾತ್ರ ಇದ್ದವು. ಆಗ ಡೆಬಿಯನ್ ಹಳೇ 5.4.5ಕ್ಕೆ ವಾಪಸ್ ಹೋಯಿತು, ಆದರೆ ಆವೃತ್ತಿ ಸಂಖ್ಯೆ ಹಿಂದಕ್ಕೆ ಹೋಗುವ ಹಾಗಿಲ್ಲವಲ್ಲ, ಅದಕ್ಕೇ 5.6.1+ರಿಯಲಿ5.4.5 ಅಂತ ಹೆಸರಿಟ್ಟರು. ಚೇಂಜ್‌ಲಾಗ್‌ನಲ್ಲಿ ಅದನ್ನು ನೋಡಿದರೆ ಈಗಲೂ ನಗು ಬರುತ್ತೆ.

ಎರಡನೇ ಫಾಂಟ್ ಎಲ್ಲಿದೆಯೋ ಅಲ್ಲೇ ಇದೆ. ಚೆಂದದ ಫಾಂಟ್, ಸಾವಿರ ಜನ ಬಳಸಲಿ ಅನ್ನುವಂಥದ್ದು. ಆದರೆ ಲೈಸೆನ್ಸ್‌ನಲ್ಲಿ ಹಂಚಬಹುದು, ಬದಲಿಸುವಂತಿಲ್ಲ ಅಂತಿದೆ. ಬದಲಿಸಲು ಬಿಡದಿದ್ದರೆ ಡೆಬಿಯನ್‌ನ ಮುಖ್ಯ ವಿಭಾಗ ಮೇನ್‌ಗೆ ಸೇರುವುದಿಲ್ಲ. ಓಪನ್ ಫಾಂಟ್ ಲೈಸೆನ್ಸ್‌ಗೆ ಬದಲಿಸಿ ಅಂತ ಕೇಳಿದ್ದೇನೆ, ನೋಡ್ತೀವಿ ಅಂದಿದ್ದಾರೆ. ಕನ್ನಡದಲ್ಲಿ ಈ ತೊಂದರೆ ಜಾಸ್ತಿ.

ಸದ್ಯದ ಸ್ಥಿತಿ: ಫಾಂಟ್ ಸಿಡ್‌ನಲ್ಲಿ ಐದು ದಿನ ಕಳೆದು ಟೆಸ್ಟಿಂಗ್ ಸೇರಿದೆ. ಜಿಪಿಎಸ್ ಪ್ರೋಗ್ರಾಂನ ಎಂಡಿಯನ್ ಪ್ಯಾಚ್ ಸ್ಪಾನ್ಸರ್ ಹತ್ತಿರ ಇದೆ, ಓದುವುದು ಸರಿ, ಬರೆಯುವ ಜಾಗ ಮರೆತಿಲ್ಲ ತಾನೇ ಅಂತ ಕೇಳಿದ್ದಾರೆ. ಪ್ರೋಗ್ರಾಂ ಒಂದೇ ಒಂದು ಕಡೆ ಫೈಲ್ ಬರೆಯುತ್ತದೆ, ಅದಕ್ಕೆ ಟೆಸ್ಟ್ ಇಲ್ಲ. ಈ ಶನಿವಾರ ಅದನ್ನು ಬರೆದು ಕಳಿಸಬೇಕು.