ಯೂಟ್ಯೂಬ್‌ನಲ್ಲಿ ಎಲ್ಲವೂ ಇರುವಾಗ ಬಿ.ಇಡಿ. ಯಾಕೆ?

ರಾಯಚೂರಿನಲ್ಲಿ ಬಿ.ಇಡಿ. ಓದುತ್ತಿದ್ದೇನೆ ಎಂದು ಬಾಯಿ ಬಿಟ್ಟರೆ ಸಾಕು, ಈ ಪ್ರಶ್ನೆ ಬರುತ್ತದೆ. ಮದುವೆ ಮನೆಯಲ್ಲಿ ಸೋದರಮಾವ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ: “ಪಾಠವೆಲ್ಲ ಯೂಟ್ಯೂಬ್‌ನಲ್ಲೇ ಸಿಗುತ್ತದೆ, ಇನ್ನು ನೀವು ಹೋಗಿ ಕಲಿಸುವುದೇನು?” ಸ್ವಲ್ಪ ಹೊತ್ತಿಗೆ ಅದೇ ಜನ, ಮೊಬೈಲ್‌ನಿಂದ ಮಕ್ಕಳು ಹಾಳಾದರು, ಅದನ್ನು ಶಾಲೆಯ ಹೊಸ್ತಿಲು ದಾಟಲು ಬಿಡಬಾರದು ಎಂದೂ ಹೇಳುತ್ತಾರೆ. ಎರಡಕ್ಕೂ ಸೇರಿಸಿ ಒಂದೇ ಸಲ ಉತ್ತರ ಬರೆದಿಟ್ಟರೆ ಮುಂದಿನ ಮದುವೆಯಲ್ಲಾದರೂ ನೆಮ್ಮದಿಯಿಂದ ಊಟ ಮಾಡಬಹುದು.

ನನ್ನ ನಿಲುವು ಇಷ್ಟು: ಮಗು ತಪ್ಪು ಊಹೆ ಮಾಡಿ ಅದನ್ನು ತಾನೇ ಪರೀಕ್ಷಿಸಿ ನೋಡಲು ಬಿಡುವ ಉಪಕರಣ ತರಗತಿಗೆ ಬರಲಿ. ಕೈಕಟ್ಟಿ ಕೂರಿಸಿ ತೋರಿಸುವಂಥದ್ದು ಅಪರೂಪಕ್ಕೆ ಸಾಕು.

ಹತ್ತನೇ ತರಗತಿಯ ವಿದ್ಯುತ್ ಪಾಠವನ್ನೇ ನೋಡಿ. ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಬ್ಯಾಟರಿಗೆ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಮೊದಲನೆಯದೇ ಎಂದು ತುಂಬ ಮಕ್ಕಳು ಕೈ ಎತ್ತುತ್ತಾರೆ. ಕರೆಂಟನ್ನು ಮೊದಲ ಬಲ್ಬು ಬಳಸಿಕೊಳ್ಳುತ್ತದೆ, ಎರಡನೆಯದಕ್ಕೆ ಉಳಿದದ್ದು ಸಿಗುತ್ತದೆ ಎಂಬುದು ಅವರ ಲೆಕ್ಕ. ಕಾಲುವೆಯ ಮೇಲ್ಭಾಗದ ಹೊಲಕ್ಕೆ ನೀರು ಹರಿದು ಕೊನೆಯ ಭಾಗದವರು ಕಾಯುವುದನ್ನು ಕಂಡು ಬೆಳೆದ ಮಕ್ಕಳು ಹಾಗೆ ಯೋಚಿಸದೆ ಇನ್ನು ಹೇಗೆ ಯೋಚಿಸಬೇಕು? ವಿಡಿಯೊ ಈ ಲೆಕ್ಕವನ್ನು ಮುಟ್ಟುವುದೇ ಇಲ್ಲ. ಸರಿ ಉತ್ತರ ಹೇಳಿ ಮುಂದೆ ಓಡುತ್ತದೆ. ಮಗು ಅದನ್ನು ಬರೆದುಕೊಳ್ಳುತ್ತದೆ, ತಲೆಯಲ್ಲಿ ಮಾತ್ರ ಹಳೆಯದೇ ಉಳಿದಿರುತ್ತದೆ.

ಇಲ್ಲಿ ನನಗೆ ನೆರವಾಗುವುದು ಫೆಟ್. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್, ಮರುವರ್ಷ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಇದು. ವಿಜ್ಞಾನ, ಗಣಿತದ ಪ್ರಯೋಗಗಳನ್ನು ಪರದೆಯ ಮೇಲೆ ಉಚಿತವಾಗಿ ಮಾಡಿ ನೋಡಬಹುದು. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಅದೇ ನಮಗೆ ದೊಡ್ಡ ಅನುಕೂಲ. ವಿದ್ಯುತ್ ಮಂಡಲದ ಪ್ರಯೋಗದಲ್ಲಿ ತಂತಿ, ಬ್ಯಾಟರಿ, ಬಲ್ಬುಗಳನ್ನು ಎಳೆದು ಜೋಡಿಸಬೇಕು. ಮೊದಲು ಊಹೆಗಳನ್ನು ಕಪ್ಪುಹಲಗೆಯ ಮೇಲೆ ಬರೆಸುತ್ತೇನೆ, ಆಮೇಲೆ ಒಬ್ಬರ ಕೈಗೆ ಮೌಸ್ ಕೊಡುತ್ತೇನೆ. ಎರಡೂ ಬಲ್ಬು ಒಂದೇ ಸಮ ಬೆಳಗಿದಾಗ ತರಗತಿಯಲ್ಲಿ ಗದ್ದಲ ಏಳುತ್ತದೆ. ಬ್ಯಾಟರಿಯ ಎರಡು ತುದಿಗಳಿಗೆ ಬರಿಯ ತಂತಿ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಹತ್ತುತ್ತದೆ. ಹಾಗಾಗಿ ಎಲ್ಲರಿಗೂ ಒಮ್ಮೆ ಬೆಂಕಿ ಹಚ್ಚಲೇಬೇಕು. ಹಚ್ಚಲಿ ಬಿಡಿ, ನಿಜವಾದ ಪ್ಲಗ್ಗಿನಲ್ಲಿ ಮಾಡದಿದ್ದರೆ ಆಯಿತು.

ಆದರೆ ಪರದೆಯ ಬಲ್ಬು ತೀರಾ ವಿಧೇಯ. ಅದಕ್ಕೇ ಕೊನೆಯಲ್ಲಿ ಟಾರ್ಚ್ ಬಲ್ಬು, ಸೆಲ್, ತಂತಿಗಳನ್ನು ಮೇಜಿನ ಮೇಲೆ ಇಡುತ್ತೇನೆ. ಅಂಗಡಿಯಿಂದ ತಂದ ಎರಡು ಬಲ್ಬು ಪೂರಾ ಒಂದೇ ಥರ ಇರುವುದಿಲ್ಲ. ಒಂದು ತುಸು ಹೆಚ್ಚು ಬೆಳಗುತ್ತದೆ. “ಟೀಚರ್, ಕಂಪ್ಯೂಟರ್ ಸುಳ್ಳು ಹೇಳಿತು!” ಬಲ್ಬುಗಳ ಜಾಗ ಅದಲು ಬದಲು ಮಾಡಿಸಿದರೆ, ಎರಡನೆಯ ಜಾಗಕ್ಕೆ ಹೋದರೂ ಅದೇ ಬಲ್ಬು ಹೆಚ್ಚು ಬೆಳಗುತ್ತದೆ. ಎರಡರಲ್ಲೂ ಹರಿಯುವ ಕರೆಂಟು ಒಂದೇ, ರೋಧ, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಹೆಚ್ಚಿರುವ ಬಲ್ಬಿನಲ್ಲಿ ಬೆಳಕು ಹೆಚ್ಚು ಎಂಬಲ್ಲಿಗೆ ಅವರೇ ಬಂದು ನಿಲ್ಲುತ್ತಾರೆ.

ಹಾಗೆಂದು ವಿಡಿಯೊ ಬೇಡವೇ ಬೇಡ ಎನ್ನುತ್ತಿಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನಮ್ಮ ಮಕ್ಕಳು ಕಂಡಿದ್ದಾರೆ. 1985ರಲ್ಲಿ ಮೊದಲ ಘಟಕ ಶುರುವಾದ ಈ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಕೃಷ್ಣೆಯ ನೀರು ಅಲ್ಲಿ ಆವಿಯಾಗಿ ಟರ್ಬೈನ್ ತಿರುಗಿಸುವುದನ್ನು ಒಳಗೆ ಹೊಕ್ಕು ನೋಡುವಂತಿಲ್ಲ, ಅದಕ್ಕೆ ವಿಡಿಯೊ ಬೇಕು. ಧ್ವನಿ ಆರಿಸಿ, ನಡುನಡುವೆ ನಿಲ್ಲಿಸಿ ತೋರಿಸುತ್ತೇನೆ. ಒಮ್ಮೆ ಹೀಗೆ ನಿಲ್ಲಿಸಿದಾಗ ಒಬ್ಬ ಹುಡುಗ ಎದ್ದು ನಿಂತು, ಕಲ್ಲಿದ್ದಲು ತುಂಬಿದ ರೈಲಿನ ಡಬ್ಬಿಯನ್ನು ಯಂತ್ರ ಹಿಡಿದು ಮಗುಚಿ ಸುರಿಯುವುದನ್ನು ಎರಡೂ ಕೈಗಳಲ್ಲಿ ಅಭಿನಯಿಸಿ ತೋರಿಸಿದ. ಅವನ ತಂದೆ ಅಲ್ಲಿ ಗುತ್ತಿಗೆ ಕೆಲಸಗಾರ. ವಿಡಿಯೊದಲ್ಲಿ ಆ ಭಾಗವೇ ಇರಲಿಲ್ಲ.

ಇನ್ನು ಮೊಬೈಲ್. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾ ಬಂದ ಮೇಲೆ ಪಠ್ಯಪುಸ್ತಕಗಳಲ್ಲೇ ಕ್ಯೂಆರ್ ಕೋಡ್ ಅಚ್ಚಾಗತೊಡಗಿತು. ಒಳ್ಳೆಯದೇ, ನಾನೂ ಪಾಠದ ಸಿದ್ಧತೆಗೆ ಬಳಸುತ್ತೇನೆ. ಆದರೆ “ಮನೆಗೆ ಹೋಗಿ ಸ್ಕ್ಯಾನ್ ಮಾಡಿ ನೋಡಿಕೊಂಡು ಬನ್ನಿ” ಎಂದು ಮಾತ್ರ ಹೇಳುವುದಿಲ್ಲ. ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು. ಅದು ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ, ರಾತ್ರಿ ಬಂದರೆ ಮೊದಲ ಹಕ್ಕು ಅಣ್ಣನದು. ಹುಡುಗಿಯ ಸರದಿ ಬರುವ ಹೊತ್ತಿಗೆ ಚಾರ್ಜು ಮುಗಿದಿರುತ್ತದೆ. ಮರುದಿನ ಅವಳನ್ನು ಎಬ್ಬಿಸಿ ನಿಲ್ಲಿಸಿ ಯಾಕೆ ನೋಡಿಲ್ಲ ಎಂದು ಕೇಳುವುದು ಅನ್ಯಾಯ.

ತರಗತಿಯಲ್ಲಿ ಫೋನಿನ ಅಗತ್ಯ ಮಕ್ಕಳಿಗಿಂತ ನಮಗೇ ಹೆಚ್ಚು ಎಂದರೆ ಜನ ನಗುತ್ತಾರೆ. ಬಿ.ಇಡಿ.ಯಲ್ಲಿ ನಾವು ಮಾಡುವ ಸೂಕ್ಷ್ಮ ಬೋಧನೆ 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದಾಗ, ತರಬೇತಿಯ ಶಿಕ್ಷಕರ ಪುಟ್ಟ ಪಾಠವನ್ನು ವಿಡಿಯೊ ಟೇಪಿನಲ್ಲಿ ಹಿಡಿದು ಅವರಿಗೇ ತೋರಿಸುತ್ತಿದ್ದರು. ನಮ್ಮಲ್ಲಿ ಪಾಠ ಉಳಿಯಿತು, ಟೇಪು ಬಿಟ್ಟುಹೋಯಿತು. ಈಗ ಪ್ರತಿ ಜೇಬಿನಲ್ಲೂ ರೆಕಾರ್ಡರ್ ಇದೆಯಲ್ಲ! ಗೆಳತಿಯೂ ನಾನೂ ನಮ್ಮ ನಮ್ಮ ಪಾಠದ ಧ್ವನಿಯನ್ನು ಮುದ್ರಿಸಿಕೊಂಡು ಸಂಜೆ ಕೇಳುತ್ತೇವೆ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಪುಸ್ತಕದಲ್ಲಿ ಓದಿದಾಗ ಅದು ಪರೀಕ್ಷೆಯ ಅಂಕಕ್ಕೆ ಬೇಕಾದ ಸಾಲು. ಸ್ವಂತ ಧ್ವನಿಯಲ್ಲಿ ಕೇಳಿದಾಗ ಆ 3 ಸೆಕೆಂಡ್ ಎಷ್ಟು ದೀರ್ಘ ಎಂಬುದು ಗೊತ್ತಾಗುತ್ತದೆ.

ಈಚೆಗೆ ಪ್ರಶ್ನೆಯಲ್ಲಿ ಯೂಟ್ಯೂಬ್ ಜಾಗಕ್ಕೆ ಚಾಟ್‌ಜಿಪಿಟಿ ಬಂದಿದೆ. ಅದರಿಂದ ಪಾಠಯೋಜನೆ ಬರೆಸಿಕೊಂಡರೆ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಂದು ಅಚ್ಚುಕಟ್ಟಾಗಿ ಬರುತ್ತದೆ, ಯಾವ ಊರಿನ ಶಾಲೆಗೂ ಹೊಂದುತ್ತದೆ, ಅದೇ ಅದರ ದೋಷ. ನಾನು ಕೇಳುವುದು ಬೇರೆ: ಈ ವಿಷಯದಲ್ಲಿ ಮಕ್ಕಳು ಏನೇನು ತಪ್ಪು ತಿಳಿದಿರುತ್ತಾರೆ? ಬರುವ ಪಟ್ಟಿ ಉಪಯುಕ್ತವಾಗಿಯೇ ಇರುತ್ತದೆ. ಆದರೂ ಜಾತ್ರೆಯ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಕೆಟ್ಟರೆ ಅದರ ಸಾಲೆಲ್ಲ ಆರುವುದೇಕೆ ಎಂದು ಕೇಳಿದ್ದಕ್ಕೆ, ಕೆಟ್ಟ ಬಲ್ಬಿನ ತೂತಿನಿಂದ ಕರೆಂಟು ಸೋರಿಹೋಗುತ್ತದೆ ಎಂದು ಹಿಂದಿನ ಬೆಂಚಿನ ಹುಡುಗಿ ಕೊಟ್ಟ ವಿವರಣೆ ಅದರಲ್ಲಿ ಇರಲಿಲ್ಲ. ಸೋಮವಾರ ಒಂದು ಹಳೆಯ ಸೀರಿಯಲ್ ಸೆಟ್ ತೆಗೆದುಕೊಂಡು ಹೋಗುತ್ತಿದ್ದೇನೆ.