ಗಂಗಾವತಿ ರೈಸ್ ಮಿಲ್ಲಿನ ಕಾಟಾ ಕಂಪ್ಯೂಟರ್: ನೀಲಿ ಪರದೆಯ ಲಾಗ್

ಯಂತ್ರ: ಐ3 ಪ್ರೊಸೆಸರ್, 4 ಜಿಬಿಯ ಎರಡು ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10 (22ಎಚ್2, 64 ಬಿಟ್). ಲಾರಿ ಕಾಟಾದ ಇಂಡಿಕೇಟರ್‌ನಿಂದ ಬರುವ ಯುಎಸ್‌ಬಿ-ಸೀರಿಯಲ್ ಕೇಬಲ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಇದಕ್ಕೇ ಸಿಕ್ಕಿಸಿವೆ. ಟ್ಯಾಲಿ ಡೇಟಾ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿದೆ. ದೂರು ಇಷ್ಟೇ: ದಿನಕ್ಕೆ ಎರಡು ಮೂರು ಸಲ ನೀಲಿ ಪರದೆ (ವಿಂಡೋಸ್ ದಿಢೀರನೆ ನಿಂತಾಗ ಬರುವ ದೋಷದ ಪರದೆ), ಅದೂ ಭತ್ತದ ಲಾರಿಗಳು ಸಾಲುಗಟ್ಟಿ ನಿಂತ ಹೊತ್ತಿನಲ್ಲೇ.

ದಿನ 1

ಮಿಲ್ಲಿನವರ ತೀರ್ಪು ಆಗಲೇ ಆಗಿಹೋಗಿದೆ: "ಕರೆಂಟಿಂದೇ ಕಾಟ." ಇದನ್ನು ನಂಬುವುದಕ್ಕೂ ಬಿಡುವುದಕ್ಕೂ ಈವೆಂಟ್ ವ್ಯೂವರ್ (ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಸಾಧನ) ಸಾಕು. ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್ 41 ಎಂಬ ನಮೂದು ತೆರೆದು, ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್‌ಕೋಡ್ ನೋಡಬೇಕು. ಅಲ್ಲಿ 0 ಇದ್ದರೆ ಕರೆಂಟ್ ಹೋಗಿರಬಹುದು, ಯಂತ್ರ ಹ್ಯಾಂಗ್ ಆಗಿರಬಹುದು, ಯಾರೋ ಬಟನ್ ಒತ್ತಿ ಹಿಡಿದಿರಬಹುದು. ಬೇರೆ ಅಂಕಿ ಇದ್ದರೆ ವಿಂಡೋಸ್ ತಾನೇ ಕೈಚೆಲ್ಲಿದೆ ಎಂದರ್ಥ. ಈ ಅಂಕಿ ದಶಮಾಂಶದಲ್ಲಿರುತ್ತದೆ, ಹೆಕ್ಸ್‌ಗೆ (ಹದಿನಾರರ ಎಣಿಕೆಗೆ) ತಿರುಗಿಸಿಕೊಳ್ಳಬೇಕು. ಇಲ್ಲಿ ಸಿಕ್ಕ ಒಂಬತ್ತು ನಮೂದುಗಳಲ್ಲಿ ಐದು 209, ಒಂದು 59, ಮೂರು 0. 209 ಅಂದರೆ ಡಿ1, 59 ಅಂದರೆ 3ಬಿ, ಎರಡೂ ನೀಲಿ ಪರದೆಯ ದೋಷ ಸಂಕೇತಗಳು. ಕರೆಂಟಿನ ಮೇಲಿನ ಆರೋಪ ಮೂರಕ್ಕೆ ಮಾತ್ರ ನಿಲ್ಲುತ್ತದೆ.

ಮಿನಿಡಂಪ್ (ವಿಂಡೋಸ್ ಕುಸಿದ ಕ್ಷಣದ ಮೆಮೊರಿಯ ಚಿಕ್ಕ ನಕಲು) ಫೋಲ್ಡರ್ ಖಾಲಿ. ಕಾರಣ ಎರಡು. ಡಿಸ್ಕ್ ಜಾಗ ಉಳಿಸಲೆಂದು ಯಾರೋ ಪೇಜ್‌ಫೈಲ್ (ರ‍್ಯಾಮ್‌ಗೆ ನೆರವಾಗಲು ಡಿಸ್ಕಿನಲ್ಲಿಡುವ ಫೈಲ್) ತೆಗೆದಿದ್ದಾರೆ. ಡಂಪ್ ಮೊದಲು ಬರೆದುಕೊಳ್ಳುವುದೇ ಪೇಜ್‌ಫೈಲಿಗೆ, ಮುಂದಿನ ಸಲ ಆನ್ ಆದಾಗ ಅಲ್ಲಿಂದ ಈಚೆ ಬರುತ್ತದೆ. ಜೊತೆಗೆ ಒಂದು ಕ್ಲೀನರ್ ಪ್ರೋಗ್ರಾಂ ಡಂಪ್‌ಗಳನ್ನೂ ಕಸವೆಂದು ಗುಡಿಸುತ್ತಿದೆ. ಕ್ಲೀನರ್ ತೆಗೆದು, ಸಿ ಡ್ರೈವ್‌ನಲ್ಲಿ ಪೇಜ್‌ಫೈಲನ್ನು ಸಿಸ್ಟಮ್ ಮ್ಯಾನೇಜ್ಡ್‌ಗೆ ಇಟ್ಟು, ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ಸ್ಮಾಲ್ ಮೆಮೊರಿ ಡಂಪ್ ಆರಿಸಿ, ಆಟೊಮ್ಯಾಟಿಕ್ ರೀಸ್ಟಾರ್ಟ್‌ನ ಟಿಕ್ ತೆಗೆಯಲಾಯಿತು.

ದಿನ 2

ಡಂಪ್ ಬೀಳುವವರೆಗೆ ಹಾರ್ಡ್‌ವೇರ್ ಕಡೆ. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ತೌಡಿನ ಧೂಳು ಬೆರಳಿಗೆ ಮೆತ್ತುವಷ್ಟು. ಬ್ಲೋವರ್ ಹಿಡಿದದ್ದಾಯಿತು, ರ‍್ಯಾಮ್‌ನ ಕಾಲುಗಳನ್ನು ರಬ್ಬರಿನಿಂದ ಉಜ್ಜಿ ಕೂರಿಸಿದ್ದಾಯಿತು. ರಾತ್ರಿಯಿಡೀ ಮೆಮ್‌ಟೆಸ್ಟ್: ಒಂದೂ ತಪ್ಪಿಲ್ಲ. ಎಸ್‌ಎಸ್‌ಡಿಯೂ ಸರಿಯಿದೆ.

ದಿನ 4

ಮೂರು ಡಂಪ್ ಸಿಕ್ಕವು. ಪರದೆಯ ಮೇಲೆ ಬಂದ ಹೆಸರು ನೆಟ್‌ಐಒ.ಸಿಸ್. ಇಲ್ಲೇ ಬಹಳ ಜನ ಎಡವುವುದು. ನೆಟ್‌ಐಒ ನೆಟ್‌ವರ್ಕ್ ನೋಡಿಕೊಳ್ಳುವ ವಿಂಡೋಸ್‌ನದೇ ಭಾಗ. ಅದರ ಹೆಸರು ನೋಡಿ ವಿಂಡೋಸ್ ಹೊಸದಾಗಿ ಹಾಕಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ವಿನ್‌ಡಿಬಿಜಿಯಲ್ಲಿ (ಡಂಪ್ ಓದುವ ಮೈಕ್ರೋಸಾಫ್ಟ್‌ನ ಸಾಧನ) ಡಂಪ್ ತೆರೆದು "!ಅನಲೈಜ್ -ವಿ" ಕೊಟ್ಟ ಮೇಲೆ ಸ್ಟ್ಯಾಕನ್ನು (ಕುಸಿಯುವ ಮುನ್ನ ಯಾವುದು ಯಾವುದನ್ನು ಕರೆಯಿತೆಂಬ ಪಟ್ಟಿ) ಕೆಳಗಿನಿಂದ ಮೇಲಕ್ಕೆ ಓದಬೇಕು. ಮೂರರಲ್ಲೂ ನೆಟ್‌ಐಒದ ಪಕ್ಕದಲ್ಲೇ ಒಂದು ಅಪರಿಚಿತ ಡ್ರೈವರ್. ಡ್ರೈವರ್‌ನ ವಿವರ ತೋರಿಸುವ "ಎಲ್ಎಂವಿಎಂ" ಕೊಟ್ಟು ಕೇಳಿದರೆ ತಾರೀಖು 2017. ಅದು ಅವಧಿ ಮುಗಿದು, ಕಂಟ್ರೋಲ್ ಪ್ಯಾನೆಲ್‌ನಿಂದ "ತೆಗೆದುಹಾಕಿದ" ಹಳೇ ಆಂಟಿವೈರಸ್‌ನ ನೆಟ್‌ವರ್ಕ್ ಫಿಲ್ಟರ್. ಹೀಗೆ ಕೇಳಿದಾಗ ಮೈಕ್ರೋಸಾಫ್ಟ್‌ನ ಡ್ರೈವರ್‌ಗಳಿಗೆ ಇನ್ನೂ ಹುಟ್ಟದ ವರ್ಷಗಳು ಕಂಡರೆ ಬೆಚ್ಚಬೇಡಿ. ಅವರು ಆ ಜಾಗದಲ್ಲಿ ತಾರೀಖಿನ ಬದಲು ಹ್ಯಾಶ್ (ಫೈಲಿನಿಂದ ಲೆಕ್ಕಹಾಕಿದ ಗುರುತಿನ ಅಂಕಿ) ಇಡುತ್ತಾರೆ.

ಪ್ರೋಗ್ರಾಂ ಹೋದರೂ ಡ್ರೈವರ್ ಸರ್ವಿಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರ) ಉಳಿದು, ಪ್ರತಿ ಸಲ ಆನ್ ಆದಾಗಲೂ ಎದ್ದು ಕೂರುತ್ತಿದೆ. ಹೊಸ ಆಂಟಿವೈರಸ್‌ನದೂ ಅದೇ ಜಾಗದಲ್ಲಿ ಕೂತಿದೆ. ಮಿಲ್ಲಿನ ಭಾಷೆಯಲ್ಲೇ ಹೇಳುವುದಾದರೆ, ಒಬ್ಬ ಚೀಲ ಬಿಚ್ಚಿ, ಭತ್ತ ನೋಡಿ, ಬೇರೆ ಚೀಲಕ್ಕೆ ತುಂಬಿ ಸಾಲಿಗೆ ಬಿಡುತ್ತಾನೆ. ಇನ್ನೊಬ್ಬ ಹಳೇ ಚೀಟಿ ಹಿಡಿದು ಮೊದಲಿನ ಚೀಲಕ್ಕೇ ಕೈ ಹಾಕುತ್ತಾನೆ. ಆ ಮೆಮೊರಿ ಅಷ್ಟರಲ್ಲಿ ಬಿಡುಗಡೆಯಾಗಿರುತ್ತದೆ. ಐಆರ್‌ಕ್ಯೂಎಲ್ (ಪ್ರೊಸೆಸರ್ ಕೆಲಸದ ಆದ್ಯತೆಯ ಮಟ್ಟ) 2ರಲ್ಲಿ ಕೆಲಸ ನಡೆಯುವಾಗ ಪೇಜ್ ಫಾಲ್ಟ್ (ಕೇಳಿದ ಮೆಮೊರಿ ಸಿಗದಿರುವುದು) ಬಂದರೆ ವಿಂಡೋಸ್‌ಗೆ ಅದನ್ನು ಸುಧಾರಿಸಿಕೊಳ್ಳುವ ದಾರಿಯೇ ಇಲ್ಲ, ನೇರ ಡಿ1. ಡಂಪ್‌ನ ಎರಡನೇ ಪ್ಯಾರಾಮೀಟರ್ 2 ಎಂದಿರುವುದು ಇದನ್ನೇ. ನೆಟ್‌ವರ್ಕ್ ಓಡಾಟ ಹೆಚ್ಚಿದಷ್ಟೂ ಡಿಕ್ಕಿ ಹೆಚ್ಚು, ಹಾಗಾಗಿ ಲಾರಿಗಳ ಹೊತ್ತು.

ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಎಫ್‌ಎಲ್‌ಟಿಎಂಸಿ" ಕೊಟ್ಟರೆ ಫೈಲ್ ಫಿಲ್ಟರ್‌ಗಳ ಪಟ್ಟಿಯೂ ಸಿಗುತ್ತದೆ. ಆಂಟಿವೈರಸ್‌ಗಳ ಆಲ್ಟಿಟ್ಯೂಡ್ (ಫಿಲ್ಟರ್‌ಗಳ ಸಾಲಿನಲ್ಲಿ ಸ್ಥಾನ ಹೇಳುವ ಅಂಕಿ) 320000ದಿಂದ ಶುರು, 330000ದ ಒಳಗೆ. 328010 ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್‌ನದು, ಅದನ್ನು ಮುಟ್ಟಬಾರದು. ಅದನ್ನು ಬಿಟ್ಟು ಎರಡಿವೆ, ಇರಬೇಕಾದದ್ದು ಒಂದೇ.

ದಿನ 5

ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವ್‌ಗೆ, ರಿಸ್ಟೋರ್ ಪಾಯಿಂಟ್, ಐಪಿ ವಿಳಾಸ ಕಾಗದದ ಮೇಲೆ. ಆಮೇಲೆ ಶಿಫ್ಟ್ ಒತ್ತಿ ರೀಸ್ಟಾರ್ಟ್, ಸೇಫ್ ಮೋಡ್, ಹಳೇ ಕಂಪನಿಯ ರಿಮೂವಲ್ ಟೂಲ್. ಸಿಸ್ ಫೈಲನ್ನು ಕೈಯಿಂದ ಅಳಿಸುವ ಆಸೆ ಬೇಡ: ಡಿಸ್ಕ್ ಅಥವಾ ಕೀಬೋರ್ಡಿನ ಅಪ್ಪರ್‌ಫಿಲ್ಟರ್ಸ್‌ನಲ್ಲಿ (ಜೊತೆಗೆ ಏಳಬೇಕಾದ ಫಿಲ್ಟರ್‌ಗಳ ಹೆಸರಿರುವ ರಿಜಿಸ್ಟ್ರಿ ನಮೂದು) ಅದರ ಹೆಸರು ಉಳಿದು ಫೈಲ್ ಮಾತ್ರ ಇಲ್ಲದಿದ್ದರೆ, ಡಿಸ್ಕಿನದಾದರೆ 7ಬಿ (ಬೂಟ್ ಡಿಸ್ಕ್ ಸಿಗದ ದೋಷ) ಬಂದು ಯಂತ್ರ ಏಳುವುದೇ ಇಲ್ಲ, ಕೀಬೋರ್ಡಿನದಾದರೆ ಕೀಲಿಗಳು ಸತ್ತಂತೆ. ಟೂಲ್ ಮುಗಿದ ಮೇಲೂ ನೆಟ್‌ವರ್ಕ್ ಅಡಾಪ್ಟರ್‌ನ ಪ್ರಾಪರ್ಟೀಸ್‌ನಲ್ಲಿ ಹಳೇ ಫಿಲ್ಟರ್‌ನ ಸಾಲು ಉಳಿದಿತ್ತು. ಟಿಕ್ ತೆಗೆದರೆ ಸಾಲದು, ಆರಿಸಿ ಅನ್‌ಇನ್‌ಸ್ಟಾಲ್ ಒತ್ತಬೇಕು. "ಪಿಎನ್‌ಪಿಯುಟಿಲ್ /ಎನಮ್-ಡ್ರೈವರ್ಸ್" ಪಟ್ಟಿಯಲ್ಲಿ ಸಿಕ್ಕ ಅದರ ಐಎನ್ಎಫ್ (ಡ್ರೈವರ್ ಅಳವಡಿಕೆಯ ಫೈಲ್) ಅನ್ನು "/ಡಿಲೀಟ್-ಡ್ರೈವರ್" ಜೊತೆ "/ಅನ್‌ಇನ್‌ಸ್ಟಾಲ್" ಸೇರಿಸಿ ತೆಗೆಯಲಾಯಿತು. ಈಗ ಎಫ್‌ಎಲ್‌ಟಿಎಂಸಿಯಲ್ಲಿ ಡಿಫೆಂಡರ್‌ನದು ಬಿಟ್ಟರೆ ಒಂದೇ.

ದಿನ 8

ಮೂರು ದಿನ ಡಿ1 ಇಲ್ಲ. ಆದರೂ ಆ ಒಂಟಿ 3ಬಿಗೆ ಉತ್ತರ ಸಿಕ್ಕಿಲ್ಲವಾದ್ದರಿಂದ ಡ್ರೈವರ್ ವೆರಿಫೈಯರ್ (ಡ್ರೈವರ್‌ಗಳನ್ನು ಒತ್ತಡಕ್ಕೊಡ್ಡಿ ತಪ್ಪು ಹಿಡಿಯುವ ವಿಂಡೋಸ್ ಸಾಧನ) ಹಚ್ಚಲಾಯಿತು. ಸ್ಟ್ಯಾಂಡರ್ಡ್ ಸೆಟ್ಟಿಂಗ್, ಮೈಕ್ರೋಸಾಫ್ಟ್‌ನದಲ್ಲದ ಡ್ರೈವರ್‌ಗಳಿಗೆ ಮಾತ್ರ. ಎಲ್ಲಕ್ಕೂ ಹಚ್ಚಿದರೆ ಯಂತ್ರ ಆಮೆಯಾಗುತ್ತದೆ. ಬೂಟ್ ಆಗದೆ ಸುತ್ತತೊಡಗಿದರೆ ಸೇಫ್ ಮೋಡ್‌ನಲ್ಲಿ "ವೆರಿಫೈಯರ್ /ರಿಸೆಟ್".

ನಾಲ್ಕು ಗಂಟೆಯಲ್ಲಿ ಸಿ4 (ವೆರಿಫೈಯರ್ ತಪ್ಪು ಹಿಡಿದಾಗಿನ ಸಂಕೇತ) ಬಿತ್ತು. ಹೆಸರು: ಕಾಟಾ ಕೇಬಲ್‌ನ ಡ್ರೈವರ್. ಕೇಬಲ್ ಬೇರೆ ತಂದು, ಹೊಸ ಡ್ರೈವರ್ ಹಾಕಿದ್ದಕ್ಕೆ ಸೀರಿಯಲ್ ಪೋರ್ಟ್‌ನ ಸಂಖ್ಯೆ ಕಾಮ್ 3 ಇದ್ದದ್ದು ಕಾಮ್ 7 ಆಯಿತು, ತೂಕ ಬರುವುದು ನಿಂತಿತು. ಡಿವೈಸ್ ಮ್ಯಾನೇಜರ್‌ನ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ನಲ್ಲಿ ಮತ್ತೆ 3 ಕೊಟ್ಟ ಮೇಲೆ ಸರಿಹೋಯಿತು. "ಇನ್ ಯೂಸ್" ಎಂದು ಬೆದರಿಸುತ್ತದೆ. ಅದು ಕಿತ್ತುಹಾಕಿದ ಹಳೇ ಕೇಬಲ್ಲಿನ ನೆನಪಷ್ಟೇ, ಯೆಸ್ ಒತ್ತಬಹುದು.

ದಿನ 10

ಇಡೀ ದಿನ ಓಡಿದರೂ ವೆರಿಫೈಯರ್ ಸುಮ್ಮನಿತ್ತು, ರಿಸೆಟ್ ಮಾಡಲಾಯಿತು. ಟೋಕನ್‌ನ ಡ್ರೈವರ್ ಹಳತು, ಮೆಮೊರಿ ಇಂಟೆಗ್ರಿಟಿ (ವಿಂಡೋಸ್‌ನ ಒಂದು ಸುರಕ್ಷತಾ ಸೌಲಭ್ಯ) ಆನ್ ಮಾಡಲು ಬಿಡುತ್ತಿಲ್ಲ. ಹೊಸ ಆವೃತ್ತಿ ಹಾಕುವುದು ಬಾಕಿ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ ಆ ಮಾತನ್ನೂ ಮಾಲೀಕರ ಕಿವಿಗೆ ಹಾಕಿದ್ದಾಗಿದೆ.

ಇನ್ನು ಉಳಿದದ್ದು 0 ತೋರಿಸಿದ ಆ ಮೂರು ನಮೂದು. ಯುಪಿಎಸ್‌ನ ಪ್ಲಗ್ ಕಿತ್ತು ನೋಡಿದರೆ ನಾಲ್ಕು ಸೆಕೆಂಡಿಗೆ ಕತ್ತಲು. 12 ವೋಲ್ಟ್, 7 ಎಎಚ್ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಹೊಸದು ಹಾಕಲಾಗಿದೆ.